ಮೀನಿನ ಕೊಳಕ್ಕೆ ಚಳಿಗಾಲ: ಹೀಟರಾ, ಗಾಳಿ ಪಂಪಾ?

ಷಿಕಾಗೊ ಕಡೆ ಹಿತ್ತಲಲ್ಲಿ ಕೊಯ್ ಎಂಬ ಬಣ್ಣದ ಮೀನು ಸಾಕಿದವರಿಗೆ ಡಿಸೆಂಬರ್ ಬಂತೆಂದರೆ ಒಂದೇ ಚಿಂತೆ. ಕೊಳದ ಮೇಲೆ ಮಂಜುಗಡ್ಡೆ ಕಟ್ಟುತ್ತದೆ, ಒಳಗಿನ ಮೀನು ಉಳಿಯಬೇಕಲ್ವಾ?

ನಮ್ಮ ಕೊಳ ಮೂರೂವರೆ ಅಡಿ ಆಳ. ನೀರು 4 ಡಿಗ್ರಿಯಲ್ಲಿ ಎಲ್ಲಕ್ಕಿಂತ ಭಾರ, ಹಾಗಾಗಿ ಆ ನೀರು ತಳದಲ್ಲೇ ಕೂರುತ್ತದೆ. ಮೀನುಗಳೂ ಅಲ್ಲೇ ಹೆಚ್ಚು ಅಲುಗಾಡದೆ ಇರುತ್ತವೆ. ನೀರು 10 ಡಿಗ್ರಿಗಿಂತ ಕೆಳಗಿಳಿದ ಮೇಲೆ ನಾನು ಆಹಾರ ಹಾಕುವುದಿಲ್ಲ, ತಿಂದರೆ ಅರಗುವುದಿಲ್ಲ. ಅವಕ್ಕೆ ಬೇಕಾದ್ದು ಬೆಚ್ಚನೆ ನೀರಲ್ಲ, ಗಡ್ಡೆಯಲ್ಲಿ ಒಂದು ಕಿಂಡಿ. ಕೊಳೆತ ಎಲೆಯಿಂದ ಏಳುವ ಕೆಟ್ಟ ಗಾಳಿ ಹೊರಗೆ ಹೋಗಬೇಕು, ಆಮ್ಲಜನಕ ಒಳಗೆ ಬರಬೇಕು.

ಮೊದಲು ಹಾಕಿದ್ದು 1250 ವಾಟಿನ ತೇಲುವ ಹೀಟರ್. ಕಿಂಡಿ ಅಗಲವಾಗಿ ತೆರೆದಿರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ದಿನವಿಡೀ ಉರಿದರೆ 30 ಯೂನಿಟ್ ಕರೆಂಟು! ಆಮೇಲೆ ತಂದ 300 ವಾಟಿನದಕ್ಕೆ 7 ಯೂನಿಟ್ ಚಿಲ್ಲರೆ. ಕಿಂಡಿ ಊಟದ ತಟ್ಟೆಯಷ್ಟು. ಮೀನಿಗೆ ಅಷ್ಟು ಸಾಕು.

ಗಾಳಿ ಪಂಪು ಗುಳ್ಳೆ ಎಬ್ಬಿಸಿ ಕಿಂಡಿ ತೆರೆದಿಡುತ್ತದೆ. ಅದು 40 ವಾಟು, ದಿನಕ್ಕೆ ಒಂದು ಯೂನಿಟ್ಟೂ ಮುಟ್ಟುವುದಿಲ್ಲ. ಹೀಟರ್ ಮಾಡದ ಕೆಲಸವನ್ನೂ ಇದು ಮಾಡುತ್ತದೆ: ನೀರಿಗೆ ಆಮ್ಲಜನಕ ಬೆರೆಸುತ್ತದೆ. ಆದರೆ ಗಾಳಿ ಕಲ್ಲನ್ನು, ಅಂದರೆ ಕೊಳವೆಯ ತುದಿಯಲ್ಲಿ ಗುಳ್ಳೆ ಬಿಡುವ ತೂತುತೂತಿನ ಕಲ್ಲನ್ನು, ತಳಕ್ಕೆ ಬಿಡಬಾರದು. ಬಿಟ್ಟರೆ ಮೀನು ಆಶ್ರಯಿಸಿದ ನೀರೇ ಕಲಕಿ ತಣ್ಣಗಾಗುತ್ತದೆ. ನಾನು ಮೇಲಿಂದ ಒಂದೂವರೆ ಅಡಿಗೆ ತೂಗುಬಿಡುತ್ತೇನೆ.

ಪಂಪು ಸೋಲುವುದು ಕಡುಚಳಿಯಲ್ಲಿ. ಗುಳ್ಳೆ ಒಡೆದು ಸಿಡಿದ ಹನಿ ಕಿಂಡಿಯ ಅಂಚಿನಲ್ಲಿ ಪದರ ಪದರವಾಗಿ ಗಟ್ಟಿಯಾಗುತ್ತದೆ. ನೋಡನೋಡುತ್ತ ಹುತ್ತದಂತೆ ಬೆಳೆದು ಮೇಲಿನ ಬಾಯಿ ಮುಚ್ಚುತ್ತ ಬರುತ್ತದೆ. ಕೊಳವೆಯೊಳಗಿನ ತೇವವೂ ಹೆಪ್ಪುಗಟ್ಟಿ ಗಾಳಿ ನಿಲ್ಲುವುದುಂಟು. 2019ರ ಜನವರಿ 30ರಂದು ಇಲ್ಲಿ ಮೈನಸ್ 30 ಡಿಗ್ರಿ ದಾಟಿತ್ತು. ಅಂಥ ದಿನ ಬರೀ ಪಂಪು ನಂಬಿ ಮಲಗಲು ಧೈರ್ಯ ಸಾಲದು.

ಕುದಿಯುವ ನೀರಿನ ಪಾತ್ರೆಯನ್ನು ಗಡ್ಡೆಯ ಮೇಲಿಟ್ಟು ತೂತು ಮಾಡುವುದೂ ಒಂದು ದಾರಿ. ತುರ್ತಿಗೆ ಸರಿ, ಬೆಳಗಾಗುವಷ್ಟರಲ್ಲಿ ಮುಚ್ಚಿಕೊಳ್ಳುತ್ತದೆ. ಸುತ್ತಿಗೆಯಿಂದ ಮಾತ್ರ ಒಡೆಯಬೇಡಿ, ಆ ಹೊಡೆತ ನೀರೊಳಗೆ ಹಾದು ಮೀನಿಗೇ ತಾಗುತ್ತದೆ.

ಈಗ ನಮ್ಮಲ್ಲಿ ನವೆಂಬರಿನಿಂದ ಪಂಪು ಓಡುತ್ತದೆ. ಪಕ್ಕದಲ್ಲೇ ಸಣ್ಣ ಹೀಟರ್ ತೇಲುತ್ತಿರುತ್ತದೆ. ಮೈನಸ್ 15 ಅಂತ ಹವಾಮಾನ ಸುದ್ದಿ ಬಂದರೆ ಅದರ ಪ್ಲಗ್ ಹಾಕುತ್ತೇವೆ. ಒಂದನ್ನೇ ಕೊಳ್ಳುವುದಾದರೆ, ಷಿಕಾಗೊ ಚಳಿಗೆ 300 ವಾಟಿನ ಹೀಟರನ್ನೇ ತನ್ನಿ. ಗಡ್ಡೆ ತೆಳ್ಳಗೆ ಕಟ್ಟಿ ಕರಗುವ ಊರಿನವರಿಗೆ ಪಂಪೇ ಸಾಕು, ಹೀಟರಿಗೆ ಸುಮ್ನೆ ದುಡ್ಡು ಸುರಿಯಬೇಡಿ.