ವಿಟ್ಬಿ: ಮೆಟ್ಟಿಲು, ಗಾಳಿ, ಉಗಿ ರೈಲು

ಆಗಸ್ಟ್‌ನಲ್ಲಿ ಅಮ್ಮನ ಜೊತೆ ಇಂಗ್ಲೆಂಡಿನ ವಿಟ್ಬಿಗೆ ಹೋಗಿದ್ದೆ. ಗುಡ್ಡದ ಮೇಲಿನ ಅಬೆಗೆ, ಅಂದರೆ ಪಾಳುಬಿದ್ದ ಹಳೆಯ ಕ್ರೈಸ್ತ ಮಠಕ್ಕೆ, ಹತ್ತಲು 199 ಮೆಟ್ಟಿಲು. ಅಮ್ಮ ಒಂದೊಂದನ್ನೂ ಎಣಿಸಿಕೊಂಡೇ ಹತ್ತಿದರು, ಮೂರು ಕಡೆ ಕೂತು ಸುಧಾರಿಸಿಕೊಂಡರು. ಮೇಲೆ ಛಾವಣಿಯಿಲ್ಲದ ದೊಡ್ಡ ಕಲ್ಲಿನ ಕಮಾನುಗಳು, ಆಚೆ ಬರೀ ಸಮುದ್ರ. 657ರಲ್ಲಿ ಇಲ್ಲಿ ಶುರುವಾದ ಮಠವನ್ನು ನಡೆಸಿದ್ದು ಹಿಲ್ಡಾ ಎಂಬ ಹೆಂಗಸು. ಅದು ಗೊತ್ತಾದ ಮೇಲೆ ಅಮ್ಮ ಅಲ್ಲಿಂದ ಏಳಲೇ ಇಲ್ಲ! ಗಾಳಿ ಜಾಸ್ತಿ, ಸ್ವೆಟರ್ ಬೇಕೇ ಬೇಕು.

ಹೆಸರಾಂತ ನಾವಿಕ ಕ್ಯಾಪ್ಟನ್ ಕುಕ್ ಮ್ಯೂಸಿಯಂ ಚಿಕ್ಕದು, ಬೇಗ ಮುಗಿಯುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಪಿಕರಿಂಗ್‌ಗೆ ಹೋಗುವ ಉಗಿ ರೈಲು. ಗೋಥ್‌ಲ್ಯಾಂಡ್ ಹತ್ತಿರ ಬಯಲುಗುಡ್ಡಗಳ ತುಂಬಾ ನೇರಳೆ ಬಣ್ಣದ ಹೀದರ್ ಹೂವು. ಕಿಟಕಿ ಪಕ್ಕದ ಸೀಟು ಸಿಕ್ಕರೆ ಬಿಡಬೇಡಿ. ಅಮ್ಮ ದಾರಿಯುದ್ದಕ್ಕೂ ಮಾತೇ ಆಡಲಿಲ್ಲ, ಸುಮ್ನೆ ನೋಡುತ್ತಾ ಕೂತಿದ್ದರು.