ರೋಲ್ ಟ್ವೆಂಟಿ: ಹೊಸ ಆಟಗಾರರಿಗೆ ಹೇಗಿದೆ?
ತೀರ್ಥಹಳ್ಳಿ, ಹೊಸನಗರದ ಕಡೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಪಾತ್ರ ವಹಿಸಿ, ದಾಳ ಉರುಳಿಸಿ ಕಥೆ ಮುಂದುವರಿಸುವ ಆಟ) ಆಡಲು ನಾಲ್ಕು ಜನ ಒಂದೇ ಜಗಲಿಗೆ ಸೇರುವುದು ಕಷ್ಟ. ಅವರವರ ಮನೆಯಿಂದಲೇ ಕೂಡಿ ಆಡಲು ಇರುವ ರೋಲ್ ಟ್ವೆಂಟಿ ತಾಣ ಬ್ರೌಸರಿನಲ್ಲೇ ನಡೆಯುತ್ತದೆ, ಖಾತೆ ಉಚಿತ.

ಹೊಸಬರಿಗೆ ಫೈಟರ್ (ಯೋಧ) ಪಾತ್ರವೇ ವಾಸಿ. ವಿಝರ್ಡ್ ಅಂದರೆ ಮಾಂತ್ರಿಕನ ಮಂತ್ರಪಟ್ಟಿ ಶುರುವಿಗೇ ತಲೆನೋವು. 15, 14, 13, 12, 10, 8 ಇವನ್ನು ಪಾತ್ರದ ಆರು ಸಾಮರ್ಥ್ಯಗಳಿಗೆ ಹಂಚಿ, 15 ಬಲಕ್ಕಿರಲಿ. ಆದರೆ ದಾಳದಲ್ಲಿ ಬಿದ್ದ ಅಂಕಿಗೆ ಕೂಡುವುದು 15 ಅಲ್ಲ: 10 ಕಳೆದು, ಉಳಿದದ್ದನ್ನು ಅರ್ಧ ಮಾಡಿ, ಭಿನ್ನ ಬಿಟ್ಟರೆ ಸಿಗುವ 2. ತಾಣದಲ್ಲಿ ಪಾತ್ರದ ವಿವರವಿರುವ ಶೀಟಿನಲ್ಲಿ ಕೌಶಲದ ಹೆಸರು ಒತ್ತಿದರೆ ದಾಳ ಉರುಳಿ ಅದು ತಾನೇ ಸೇರುತ್ತದೆ. ಮತ್ತೆ ಕೈಯಿಂದ ಕೂಡಿ ಲೆಕ್ಕ ಕೆಡಿಸುವವರೇ ಜಾಸ್ತಿ!

ಆಟದ ನಕಾಶೆಗೆ ಲ್ಯಾಪ್‌ಟಾಪೇ ಬೇಕು, ಮೊಬೈಲ್ ಪರದೆ ಸಾಲದು. ಆಷಾಢದ ಮಳೆಗೆ ನೆಟ್‌ವರ್ಕ್ ಕುಂಟಿದರೆ ವಿಡಿಯೋ ನಿಲ್ಲಿಸಿ. ಮಾತಿಗೆ ಫೋನಿನಲ್ಲಿ ಡಿಸ್ಕಾರ್ಡ್ ಎಂಬ ಗುಂಪು ಮಾತುಕತೆಯ ಆ್ಯಪ್ ಸಾಕು.