ನಮ್ಮ ವಿದ್ಯಾರ್ಥಿಗಳ ಪುಸ್ತಕ ಮಾಡಿಕೊಡುವ ಡಿಟಿಪಿ ಅಂಗಡಿ: ನಾಲ್ಕು ವರ್ಷದ ಅನುಭವ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ, ಬಟ್ಟೆ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ, ಮೊದಲ ಮಹಡಿಯಲ್ಲಿ ಈ ಅಂಗಡಿ ಇದೆ. ಬೋರ್ಡಿನ ಮೇಲೆ ಅಂಗಡಿಯ ಹೆಸರಿಲ್ಲ. ‘ಡಿಟಿಪಿ, ಝೆರಾಕ್ಸ್, ಬೈಂಡಿಂಗ್, ಪುಸ್ತಕ ಮುದ್ರಣ’ ಅಂತಷ್ಟೇ ಬರೆದಿದೆ. ಮೆಟ್ಟಿಲು ಕಡಿದಾಗಿದೆ, ಮಂಡಿ ನೋವಿದ್ದವರು ಕೆಳಗಿನಿಂದಲೇ ಕೂಗಿದರೆ ಹುಡುಗ ಇಳಿದು ಬರುತ್ತಾನೆ.

ನಾನು ಇದೇ ಊರಲ್ಲಿ ಸ್ನಾತಕೋತ್ತರ ತರಗತಿಗೆ ಸೃಜನಶೀಲ ಬರವಣಿಗೆ ಕಲಿಸುತ್ತೇನೆ. ಕೋರ್ಸಿನ ಸಂಯೋಜಕಿಯೂ ನಾನೇ. ಅಡ್ಮಿಷನ್, ಟೈಮ್ ಟೇಬಲ್, ಹೊರಗಿನ ಪರೀಕ್ಷಕರಿಗೆ ಪತ್ರ, ಬಿಲ್ ಪಾಸ್ ಮಾಡಿಸೋದು, ಎಲ್ಲ ನನ್ನ ತಲೆ ಮೇಲೇ. ಕೊನೆಯ ಸೆಮಿಸ್ಟರಿನಲ್ಲಿ ಪ್ರತಿಯೊಬ್ಬರೂ 60 ಪುಟದ ಹಸ್ತಪ್ರತಿ ಕೊಡಬೇಕು. ಎಲ್ಲರದ್ದರಲ್ಲೂ ಸ್ವಲ್ಪ ಸ್ವಲ್ಪ ಆರಿಸಿ ವರ್ಷಕ್ಕೊಂದು ಸಂಕಲನ ತರುತ್ತೇವೆ. ಅದಕ್ಕೇ ಈ ಅಂಗಡಿ ಬೇಕಾಗಿದ್ದು.

ಮೊದಲ ಸಂಕಲನವನ್ನು ಬೇರೆ ಕಡೆ ಮಾಡಿಸಿದ್ದೆ. ಚಿತ್ತಾಪುರ ಕಡೆಯ ಒಬ್ಬ ಹುಡುಗ ಕಥೆ ಬರೆದಿದ್ದ. ತೊಗರಿ ರಾಶಿ ಮಾಡುವ ಹೊತ್ತಿಗೆ ಅಕಾಲದ ಮಳೆ ಬರುತ್ತದೆ. ಅಜ್ಜಿ ಅಂಗಳದಿಂದ ಕೂಗುತ್ತಾಳೆ: ‘ಮಳಿ ಬರ್ಲಾಕತ್ತದ, ತೊಗರಿ ಒಳಗ ತರ್ರಿ!’ ಪುಸ್ತಕ ಬಂದಾಗ ಅಜ್ಜಿ ‘ಮಳೆ ಬರುತ್ತಿದೆ, ತೊಗರಿಯನ್ನು ಒಳಗೆ ತನ್ನಿ’ ಅಂತ ಕೂಗುತ್ತಿದ್ದಳು. ಅಲ್ಲಿ ಯಾರೋ ‘ತಪ್ಪು ತಿದ್ದಿ’ ಉಪಕಾರ ಮಾಡಿದ್ದರು. ಕೊನೆಯ ಪ್ರೂಫ್ ನನಗೆ ತೋರಿಸಿರಲಿಲ್ಲ. ಆ ಹುಡುಗ ಏನೂ ಅನ್ನಲಿಲ್ಲ. ಪುಸ್ತಕ ಮುಚ್ಚಿ ಬ್ಯಾಗಿಗೆ ಹಾಕಿಕೊಂಡ. ಅವನ ಆ ಮುಖ ನನಗೆ ಇನ್ನೂ ನೆನಪಿದೆ.

ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ನಮ್ಮ ತರಗತಿಯಲ್ಲಿ ಅರ್ಧ ವರ್ಷ ಹೋಗುವುದೇ ಈ ಭಾಷೆಯನ್ನು ಹೊರಗೆ ತರಿಸಲಿಕ್ಕೆ. ನಾವು ಅನುಸರಿಸುವ ಕ್ರಮ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ಶುರುವಾದ ರೈಟರ್ಸ್ ವರ್ಕ್‌ಶಾಪ್‌ನಿಂದ ಹೆಸರಾದದ್ದು. ಒಬ್ಬರು ಬರೆದದ್ದನ್ನು ಎಲ್ಲರೂ ಮೊದಲೇ ಓದಿ ಬರುತ್ತಾರೆ, ಚರ್ಚೆ ಮಾಡುತ್ತಾರೆ, ಬರೆದವರು ಅಷ್ಟೂ ಹೊತ್ತು ಬಾಯಿ ಬಿಡುವ ಹಾಗಿಲ್ಲ. ನಮ್ಮಲ್ಲಿ ತೊಂದರೆ ಬೇರೆ. ಓದಿದವರೂ ಬಾಯಿ ಬಿಡುವುದಿಲ್ಲ. ‘ಚೆನ್ನಾಗಿದೆ ಮೇಡಂ’ ಅಂತ ಸುಮ್ನೆ ಕೂತುಬಿಡುತ್ತಾರೆ. ಮನೆಯಲ್ಲಿ ಮೊದಲ ಬಾರಿಗೆ ಎಂ.ಎ. ತನಕ ಬಂದ ಮಕ್ಕಳು. ತಮ್ಮ ಮಾತು ಬರವಣಿಗೆಗೆ ಲಾಯಕ್ಕಲ್ಲ ಅಂತ ಶಾಲೆಯಿಂದಲೇ ಕಲಿತು ಬಂದಿರುತ್ತಾರೆ. ಅದಕ್ಕೇ ಪ್ರತಿ ಬ್ಯಾಚನ್ನೂ ಮೊದಲ ತಿಂಗಳಲ್ಲೇ ಮಳಖೇಡಕ್ಕೆ ಕರೆದುಕೊಂಡು ಹೋಗುತ್ತೇನೆ. ಕಾಗಿಣಾ ದಂಡೆಯ ಹಾಳು ಕೋಟೆಯಲ್ಲಿ ಕೂತು ಕವಿರಾಜಮಾರ್ಗದ ಮಾತು ಹೇಳುತ್ತೇನೆ. ಒಂಬತ್ತನೇ ಶತಮಾನದಲ್ಲಿ, ಇದೇ ಊರನ್ನು ರಾಜಧಾನಿ ಮಾಡಿಕೊಂಡಿದ್ದ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಪುಸ್ತಕ. ಅದರಲ್ಲಿ ‘ಕನ್ನಡಂಗಳ್’ ಅಂತ ಬಹುವಚನವೇ ಇದೆ. ಒಂದೊಂದು ಸೀಮೆಯ ಮಾತು ಒಂದೊಂದು ಥರ, ಸರ್ಪರಾಜ ವಾಸುಕಿಗೂ ಅದರ ದೋಷ ಎಣಿಸಿ ಸಾಕಾಗುತ್ತದೆ ಅನ್ನುತ್ತದೆ ಆ ಪುಸ್ತಕ. ಅದನ್ನು ಕೇಳಿದ ಮೇಲೆ ಒಬ್ಬಿಬ್ಬರಾದರೂ ಅಜ್ಜಿಯ ಮಾತನ್ನು ಕಾಗದದ ಮೇಲೆ ಇಡುತ್ತಾರೆ. ಇಷ್ಟು ಕಷ್ಟಪಟ್ಟು ಹೊರಗೆ ಬಂದ ಮಾತನ್ನು ಪ್ರೆಸ್ಸಿನಲ್ಲಿ ತಿದ್ದಿಬಿಟ್ಟರೆ ಹೊಟ್ಟೆ ಉರಿಯುತ್ತದೆ ಅಲ್ವಾ?

ಈ ಅಂಗಡಿಗೆ ಮೊದಲ ಸಲ ಫೈಲ್ ಕೊಟ್ಟಾಗಲೂ ನನಗೆ ಭಯ ಇತ್ತು. ಮೂರನೇ ದಿನ ಟೈಪ್ ಮಾಡುವ ಹೆಣ್ಣುಮಗಳು ಫೋನ್ ಮಾಡಿದರು. ‘ಮೇಡಂ, ಈ ಕಥಿಯಾಗ ಒಂದ್ ಕಡಿ ಅಂವ ಅದ, ಮುಂದಿನ ಪುಟದಾಗ ಅವ ಅದ. ಎರಡೂ ಬೇಕೇನ್ರಿ?’

ನಾನು ಆ ಕಥೆಯನ್ನು ಮೂರು ಸಲ ಓದಿ ಅಂಕ ಕೊಟ್ಟಿದ್ದೆ. ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಬರೆದ ಹುಡುಗಿಗೆ ಕೇಳಿದೆ, ಅವಳಿಗೂ ಗೊತ್ತಿರಲಿಲ್ಲ. ಎರಡು ದಿನ ಯೋಚಿಸಿ ಬಂದು ಹೇಳಿದಳು: ಅಜ್ಜಿಯ ಬಾಯಲ್ಲಿ ‘ಅಂವ’ ಇರಲಿ, ಕಾಲೇಜಿಗೆ ಹೋಗುವ ಮೊಮ್ಮಗಳ ಬಾಯಲ್ಲಿ ‘ಅವ’. ಅಲ್ಲಿಂದ ಇಡೀ ಕಥೆಯ ಮಾತುಗಳನ್ನು ಅವಳೇ ಕೂತು ಬೇರೆ ಮಾಡಿದಳು. ಒಳ್ಳೆಯ ಸಂಪಾದಕರು ಕೇಳುವ ಪ್ರಶ್ನೆ ಅದು.

ಇನ್ನೊಂದು ಸಂಗತಿ ಟೈಪ್ ಮಾಡಿಸುವವರಿಗೆಲ್ಲ ಗೊತ್ತಿರಬೇಕು. ಮಕ್ಕಳು ಮೊಬೈಲಿನಲ್ಲಿ ಯುನಿಕೋಡ್‌ನಲ್ಲಿ ಬರೆಯುತ್ತಾರೆ. ಅದನ್ನು ಡಿಟಿಪಿಯ ಹಳೆಯ ನುಡಿ ಫಾಂಟಿಗೆ (ಅದರ ಅಕ್ಷರ ಸಂಕೇತವೇ ಬೇರೆ) ತಿರುಗಿಸುವಾಗ ಕೆಲವು ಸಲ ಅರ್ಕಾವತ್ತು ಹಾರಿಹೋಗುತ್ತದೆ. ನಮ್ಮ ಕಡೆಯ ಮಾತಿನಲ್ಲಿ ಅರ್ಕಾವತ್ತು ಜಾಸ್ತಿ. ‘ಬರ್ಲಾಕತ್ತದ’ ಹೋಗಿ ‘ಬಲಾಕತ್ತದ’ ಆದರೆ ಯಾವ ನಿಘಂಟೂ ಹಿಡಿದುಕೊಡುವುದಿಲ್ಲ. ಇಲ್ಲಿ ಯುನಿಕೋಡ್‌ನಲ್ಲೇ ಪುಟ ಕಟ್ಟುತ್ತಾರೆ. ಆಮೇಲೆ ಪ್ರಿಂಟ್ ತೆಗೆದು ಪೆನ್ಸಿಲ್ ಹಿಡಿದು ಓದುತ್ತಾರೆ. ಸಂಶಯ ಇದ್ದ ಕಡೆ ಸುತ್ತು ಹಾಕಿ ಬಿಡುತ್ತಾರೆ, ತಾವಾಗಿ ತಿದ್ದುವುದಿಲ್ಲ. ನಾನು ಇಷ್ಟು ವರ್ಷ ಇವರ ಹತ್ತಿರ ಹೋಗುತ್ತಿರುವುದಕ್ಕೆ ಇದೇ ದೊಡ್ಡ ಕಾರಣ.

ಹೋದ ವರ್ಷದ ಒಂದು ಮಧ್ಯಾಹ್ನ ಹೇಳಲೇಬೇಕು. ಸಂಪಾದಕ ಮಂಡಳಿಯ ಐದು ಜನ ವಿದ್ಯಾರ್ಥಿಗಳ ಜೊತೆ ಹೋಗಿದ್ದೆ. ಮಾಲೀಕರು ಒಂದು ದೊಡ್ಡ ಹಾಳೆ ತೆಗೆದರು. ಮೂರು ಸಲ ಮಡಚಿದರು. ‘ಎಂಟು ಎಲಿ, ಹದಿನಾರು ಪುಟ. ಇದು ಒಂದು ಫಾರಂ. ಆರು ಫಾರಂ ಅಂದ್ರ 96. ನಿಮ್ದು 97 ಆಗ್ಯದ’ ಅಂದರು. ಒಂದು ಪದ್ಯದ ಕೊನೆಯ ನಾಲ್ಕು ಸಾಲು ಉಳಿದು ಮುಂದಿನ ಪುಟಕ್ಕೆ ಹೋಗಿದ್ದವು. ಅಕ್ಷರ ಸಣ್ಣದು ಮಾಡಿ ಅಂತ ಒಬ್ಬ ಹುಡುಗ ಅಂದ. ಅವರು ಒಪ್ಪಲಿಲ್ಲ. ವಯಸ್ಸಾದವರೂ ಓದುತ್ತಾರೆ ಅಂದರು.

ಪದ್ಯ ಬರೆದವಳು ಅಲ್ಲೇ ಇದ್ದಳು. ಅವಳ ಅವ್ವ ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತಾರೆ. ಪದ್ಯ ಅದರ ಮೇಲೆಯೇ ಇತ್ತು. ಆ ನಾಲ್ಕು ಸಾಲು ತಾಯಿಯ ತ್ಯಾಗ ದೊಡ್ಡದು ಅಂತ ಬಿಡಿಸಿ ಹೇಳುತ್ತಿದ್ದವು. ಅವು ಬೇಡ ಅಂತ ತರಗತಿಯಲ್ಲಿ ನಾನೇ ಎರಡು ಸಲ ಹೇಳಿದ್ದೆ, ಅವಳಿಗೆ ಮನಸ್ಸಾಗಿರಲಿಲ್ಲ. ಒತ್ತಾಯ ಮಾಡುವುದು ನನ್ನ ಪದ್ಧತಿಯಲ್ಲ. ಅವಳು ಪ್ರೂಫ್ ತೆಗೆದುಕೊಂಡು ಮೆಟ್ಟಿಲ ಮೇಲೆ ಕೂತಳು. ತುಟಿ ಅಲ್ಲಾಡಿಸುತ್ತಾ ಓದಿದಳು. ಮತ್ತೆ ಓದಿದಳು. ಕಾಲು ಗಂಟೆ ಆದ ಮೇಲೆ ಎದ್ದು ಬಂದು ಆ ನಾಲ್ಕು ಸಾಲಿನ ಮೇಲೆ ಅಡ್ಡ ಗೆರೆ ಎಳೆದು ಕೊಟ್ಟಳು. ಈಗ ಪದ್ಯ ಹಂಚಿನ ಮೇಲೆ ರೊಟ್ಟಿ ಉಬ್ಬುವಲ್ಲಿ ನಿಲ್ಲುತ್ತದೆ. ಇಡೀ ಸಂಕಲನದಲ್ಲಿ ನನಗೆ ಅದೇ ಹೆಚ್ಚು ಇಷ್ಟ.

ದರದ ವಿಷಯ. ಹೋದ ವರ್ಷ ಡೆಮಿ ಅಳತೆ (ಸಾಮಾನ್ಯ ಕಥೆ, ಕವನ ಪುಸ್ತಕಗಳ ಗಾತ್ರ), 96 ಪುಟ, 200 ಪ್ರತಿಗೆ 13,000 ರೂಪಾಯಿ ತೆಗೆದುಕೊಂಡರು. ಪ್ರತಿಗೆ 65 ರೂಪಾಯಿ ಬಿತ್ತು. ಇದಕ್ಕಿಂತ ಕಡಿಮೆಗೆ ಮಾಡುವವರು ಊರಲ್ಲಿ ಇದ್ದಾರೆ. ಆದರೆ ಎರಡು ಪ್ರೂಫ್ ಇದೇ ದರದಲ್ಲಿ ಬರುತ್ತದೆ, ಮೂರನೆಯದಕ್ಕೂ ನಮಗೆ ದುಡ್ಡು ಕೇಳಲಿಲ್ಲ. ವಿಭಾಗದ ಬಿಲ್ ಪಾಸಾಗಲು ಎರಡು ತಿಂಗಳು ಹಿಡಿದರೂ ಪುಸ್ತಕ ತಡೆಹಿಡಿಯಲಿಲ್ಲ.

ಕೊರತೆ ಇಲ್ಲ ಅಂತಲ್ಲ. ಮುಖಪುಟದ ಲ್ಯಾಮಿನೇಷನ್ ನನಗೆ ಸಮಾಧಾನ ತಂದಿಲ್ಲ. ನಮ್ಮೂರಿನ ಮೇ ತಿಂಗಳ ಬಿಸಿಲಿಗೆ ಒಂದೇ ವಾರದಲ್ಲಿ ಅಂಚು ಸುರುಳಿ ಸುತ್ತಿತು. ಮುಖಪುಟದ ವಿನ್ಯಾಸವೂ ಸಾಧಾರಣ, ಎಲ್ಲದಕ್ಕೂ ಸೂರ್ಯಾಸ್ತದ ಚಿತ್ರ ಹಾಕಲು ನೋಡುತ್ತಾರೆ. ನಾವು ಈಗ ನಮ್ಮ ವಿದ್ಯಾರ್ಥಿಗಳಿಂದಲೇ ಚಿತ್ರ ಬರೆಸಿ ಕೊಡುತ್ತೇವೆ. ಕೊಟ್ಟ ದಿನಕ್ಕೆ ಕೆಲಸ ಮುಗಿಯುವುದೂ ಅಪರೂಪ. ಹೋದ ಸಲ 11 ದಿನ ತಡವಾಯಿತು. ಪ್ರಾಜೆಕ್ಟ್, ಥೀಸಿಸ್ ಸಲ್ಲಿಸುವ ದಿನಗಳಲ್ಲಂತೂ ಒಳಗೆ ಕಾಲಿಡಲು ಜಾಗ ಇರುವುದಿಲ್ಲ. ಪುಸ್ತಕದ ಕೆಲಸ ಇದ್ದವರು ಅದಕ್ಕೂ ಎರಡು ತಿಂಗಳು ಮೊದಲೇ ಹೋಗಿ. ಬೆಳಿಗ್ಗೆ ಹೋದರೆ ಟೈಪ್ ಮಾಡುವವರ ಜೊತೆ ಕೂತು ಮಾತಾಡಬಹುದು.

ಈ ವರ್ಷದ ಮೊದಲ ಪ್ರೂಫ್ ನಿನ್ನೆ ಬಂತು. ಚಿತ್ತಾಪುರದ ಆ ಹುಡುಗನ ಕಥೆಯನ್ನು ಈ ಸಲ ಮತ್ತೆ ಸೇರಿಸಿದ್ದೇವೆ, ಅವನೇ ಬರೆದ ಹಾಗೆ. 41ನೇ ಪುಟದಲ್ಲಿ ಅಜ್ಜಿಯ ಕೂಗಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಸಣ್ಣ ಸುತ್ತು ಇತ್ತು. ಪಕ್ಕದಲ್ಲಿ ಬರೆದಿದ್ದರು: ‘ಹಿಂಗೇ ಇರ್ಲಿ ಅಲ್ಲೇನ್ರಿ?’ ಅವನಿಗೆ ಫೋಟೊ ತೆಗೆದು ಕಳಿಸಿದ್ದೇನೆ.